ಬೆರಳಿನಿಂದ ಸುತ್ತಿದ ಪಟಗಾ

ಪತ್ರಿಕೆಯ ಚಿತ್ರ ವಿಭಾಗದಲ್ಲಿ ದುಡಿದವನ ಹೆಸರು ಆ ಪತ್ರಿಕೆಯಲ್ಲಿ ಎರಡು ಸಲ ಅಚ್ಚಾಗುತ್ತದೆ. ನಿವೃತ್ತನಾದಾಗ ಒಂದು ಸಾಲು, ತೀರಿಕೊಂಡಾಗ ಮೂರು ಸಾಲು. ನನ್ನ ಒಂದು ಸಾಲು ಹೋದ ವರ್ಷ ಬಂತು. ಉಳಿದ ಮೂರಕ್ಕೆ ಅವಸರವಿಲ್ಲ. ಈ ಕೆಲಸಕ್ಕೆ ಹೊಸದಾಗಿ ಬಂದಿರುವ ಕೆಲವರು ಆಗಾಗ ಮನೆಗೆ ಬಂದು, ಆಗ ಹೇಗಿತ್ತು ಎಂದು ಕೇಳುತ್ತಾರೆ. ಬಾಯಲ್ಲಿ ಹೇಳಿದರೆ ಪ್ರತಿ ಸಲ ಸ್ವಲ್ಪ ಬೆಳೆಯುತ್ತದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ನಾನಿದ್ದದ್ದು ಬಸವನ ಬಾಗೇವಾಡಿಯ ಉಪಕಚೇರಿಯಲ್ಲಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಈ ನಾಲ್ಕು ತಾಲ್ಲೂಕುಗಳ ಸುದ್ದಿಗೆ ನಮ್ಮ ಪತ್ರಿಕೆಯಲ್ಲಿ ದಿನಕ್ಕೊಂದು ಪುಟ ಮೀಸಲಿತ್ತು. ಆ ಪುಟದ ಚಿತ್ರಗಳನ್ನು ಆರಿಸಿ, ಅಳತೆಗೆ ಕತ್ತರಿಸಿ, ಕೆಳಗೆ ಅಡಿಬರಹ ಬರೆದು ಮುಖ್ಯ ಕಚೇರಿಗೆ ಕಳಿಸುವುದು ನನ್ನ ಕೆಲಸ.

ಮೊದಮೊದಲು ಫೋಟೋ ರೀಲುಗಳು ಬಸ್ಸಿನಲ್ಲಿ ಬರುತ್ತಿದ್ದವು. ವರದಿಗಾರ ರೀಲನ್ನು ಕಾಗದದಲ್ಲಿ ಸುತ್ತಿ ಕಂಡಕ್ಟರ್ ಕೈಗೆ ಕೊಟ್ಟರೆ ನಾವು ಬಸ್ ನಿಲ್ದಾಣದಲ್ಲಿ ಕಾದು ಇಳಿಸಿಕೊಳ್ಳುವುದು. ಒಂದು ದಿನ ಇಂಡಿಯಿಂದ ಬಂದ ಪೊಟ್ಟಣ ಬಿಚ್ಚಿದರೆ ಒಳಗೆ ಶೇಂಗಾ ಹಿಂಡಿ, ರೊಟ್ಟಿಗೆ ಹಚ್ಚಿಕೊಳ್ಳುವ ಚಟ್ನಿಪುಡಿ. ವರದಿಗಾರ ಪ್ರೀತಿಯಿಂದ ಕಳಿಸಿರಬೇಕು, ರೀಲು ಮುಂದಿನ ಬಸ್ಸಿಗೆ ಬರಬಹುದು ಎಂದುಕೊಂಡು ಕಚೇರಿಯವರೆಲ್ಲ ರೊಟ್ಟಿ ತರಿಸಿ ಊಟ ಮಾಡಿದೆವು. ಮರುದಿನ ಕಂಡಕ್ಟರ್ ತಾನೇ ಬಂದ. "ಸಾಹೇಬ್ರ, ನಮ್ಮ ಬೀಗರಿಗೆ ಹೋಗೂ ಹಿಂಡಿ ನಿಮಗ ಬಂದೈತಿ, ನಿಮ್ಮ ರೀಲು ಅವರಿಗೆ ಹೋಗೈತಿ. ನೀವು ಉಂಡಿದ್ರ ಅಡ್ಡಿಯಿಲ್ರಿ. ಅವರು ಮಾತ್ರ ರೀಲು ಬಿಸಲಾಗ ಬಿಚ್ಚಿ ನೋಡ್ಯಾರ" ಎಂದ. ಬಿಸಿಲು ಕಂಡ ರೀಲಿನಲ್ಲಿ ಏನೂ ಉಳಿಯುವುದಿಲ್ಲ. ಆ ದಿನದ ಪುಟ ಚಿತ್ರವಿಲ್ಲದೆ ಹೋಯಿತು. ಕಟ್ಟಿ ಬಂದದ್ದನ್ನು ವಿಚಾರಿಸದೆ ಒಳಗೆ ಬಿಟ್ಟುಕೊಳ್ಳಬಾರದು ಎಂದು ಅಂದು ಗೋಡೆಗೆ ಬರೆದು ಅಂಟಿಸಿದೆ. ಮೂವತ್ತು ವರ್ಷದ ಮೇಲೆ ಅದೇ ತಪ್ಪನ್ನು ಮತ್ತೆ ಮಾಡಿದೆ. ಅದನ್ನು ಹೇಳಲಿಕ್ಕೇ ಇಷ್ಟೆಲ್ಲ.

ಕಚೇರಿಗೆ ಕಂಪ್ಯೂಟರ್ ಬಂದಾಗ ಚಿತ್ರ ತಿದ್ದಲು ಬಲ್ಲವರು ಬೇಕಾದರು. ದೇವರ ಹಿಪ್ಪರಗಿಯ ಬಸ್ ನಿಲ್ದಾಣದ ಎದುರು ಸ್ಟುಡಿಯೋ ಇಟ್ಟುಕೊಂಡಿದ್ದ ಅಮೋಘಸಿದ್ದ ಬಂದ. ಅವನು ಹೆಸರು ಮಾಡಿದ್ದು ಹಿರಿಯರ ಫೋಟೋ ಮಾಡುವುದರಲ್ಲಿ. ನಮ್ಮ ಕಡೆ ಮನೆಯ ಹಿರಿಯ ತೀರಿಕೊಂಡರೆ ಪಡಸಾಲೆಯ ಗೋಡೆಗೆ ದೊಡ್ಡ ಫೋಟೋ ಬೇಕು. ಮನೆಯವರು ತರುವುದು ಯಾವುದೋ ಮದುವೆಯ ಗುಂಪಿನಲ್ಲಿ ಕಡಲೆಕಾಳಿನಷ್ಟು ಕಂಡ ಮುಖ. ಅದನ್ನು ದೊಡ್ಡದು ಮಾಡಿ, ತಲೆಗೆ ಪಟಗಾ ಸುತ್ತಿ, ಮೈಗೆ ಕೋಟು ತೊಡಿಸಿ, ಹಣೆಗೆ ವಿಭೂತಿ ಹಚ್ಚಿ ಕೊಡಬೇಕು. ಜೀವಮಾನದಲ್ಲಿ ಕೋಟು ಮುಟ್ಟದವರು ಕೋಟು ತೊಟ್ಟು ಗೋಡೆ ಏರುತ್ತಿದ್ದರು. ಅದನ್ನು ಯಾರೂ ಸುಳ್ಳು ಎನ್ನುತ್ತಿರಲಿಲ್ಲ, ಅದು ಮರ್ಯಾದೆ.

ಅಮೋಘಸಿದ್ದನ ಕಂಪ್ಯೂಟರಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಪಟಗಾಗಳಿದ್ದವು. ಬೇರೆ ಬೇರೆ ಫೋಟೋಗಳಿಂದ ನಾಜೂಕಾಗಿ ಕತ್ತರಿಸಿ ತೆಗೆದವು. ಒಂದೊಂದಕ್ಕೂ ಅದರ ಮೂಲ ಧಣಿಯ ಗುರುತು ಬರೆದಿದ್ದ. ಹಿಪ್ಪರಗಿ ಗೌಡರದು, ತಾಳಿಕೋಟಿ ಬೀಗರದು, ಸಾಲಿ ಮಾಸ್ತರರದು. ನಿಧನ ವಾರ್ತೆಗೆ ಮನೆಯವರು ಕೇಳಿದರೆ ಬಳಸು, ಸುದ್ದಿಯ ಚಿತ್ರಕ್ಕೆ ಮಾತ್ರ ಮುಟ್ಟಬೇಡ ಎಂದು ಹೇಳಿದ್ದೆ. ನಮ್ಮ ಮೇಜಿನ ನಿಯಮ ಒಂದೇ. ಬೆಳಕನ್ನು ತಿದ್ದಬಹುದು, ವಸ್ತುವನ್ನು ತಿದ್ದಬಾರದು. ಕತ್ತಲಾದ ಮುಖ ಬೆಳಗಿಸು, ದೂಳಿನ ಚುಕ್ಕೆ ಒರೆಸು. ಆದರೆ ಮನುಷ್ಯನನ್ನಾಗಲಿ, ಕಂಬವನ್ನಾಗಲಿ, ಆಡಿನ ಮರಿಯನ್ನಾಗಲಿ ಸೇರಿಸಬೇಡ, ತೆಗೆಯಬೇಡ.

ಅವನು ನಿಯಮ ಮೀರಲಿಲ್ಲ. ಮೀರಿದ್ದರೆ ನನಗೆ ತಿಳಿಯುತ್ತಿತ್ತು. ಪಕ್ಕದ ಕುರ್ಚಿ ನನ್ನದು. ಚಿತ್ರ ತಿದ್ದುವ ತಂತ್ರಾಂಶದಲ್ಲಿ ಪ್ರತಿ ಬದಲಾವಣೆಯೂ ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟಂತೆ ಬೇರೆ ಪದರವಾಗಿ ಕೂರುತ್ತಿತ್ತು. ಪುಟಕ್ಕೆ ಬಿಡುವ ಮೊದಲು ನಾನು ಒಂದೊಂದೇ ಪದರ ಎತ್ತಿ ನೋಡುತ್ತಿದ್ದೆ.

ಅದೇ ತಂತ್ರಾಂಶ ಮುಂದೆ ಫೋನಿಗೆ ಬಂತು. ಆರಂಭದಲ್ಲಿ ಅದು ದುಬಾರಿಯಾದ ಒಂದೇ ಜಾತಿಯ ಫೋನಿನಲ್ಲಿ ನಡೆಯುತ್ತಿತ್ತು. ನಮ್ಮ ನಾಲ್ಕು ತಾಲ್ಲೂಕಿನ ವರದಿಗಾರರಲ್ಲಿ ಅಂಥ ಫೋನು ಇದ್ದದ್ದು ಇಂಡಿಯ ವರದಿಗಾರ್ತಿ ರೇಣುಕಾಗೆ, ಅದೂ ಬೇರೆಯವರು ಬಳಸಿ ಬಿಟ್ಟದ್ದು. ಅವಳು ಸಾಲೋಟಗಿಯ ಹಳೆಯ ಶಾಸನದ ಚಿತ್ರ ತೆಗೆದು, ಕಲ್ಲಿನ ಮುಂದೆ ನಿಂತೇ ನೆರಳು ತಿದ್ದಿ, ಅಕ್ಷರ ಎದ್ದು ಕಾಣುವಂತೆ ಮಾಡಿ ಕಳಿಸಿದಳು. ನಾನು ಚಹಾ ಕುಡಿದು ಲೋಟ ಇಡುವಷ್ಟರಲ್ಲಿ ಚಿತ್ರ ಪುಟದಲ್ಲಿತ್ತು. ಆಮೇಲೆ ತಂತ್ರಾಂಶದವರು ಸಾಧಾರಣ ಫೋನುಗಳಿಗೂ ಅದರ ಪರೀಕ್ಷಾರ್ಥ ರೂಪ ಬಿಟ್ಟರು. ಮುಖ್ಯ ಕಚೇರಿಗೆ ಇಷ್ಟು ನೆಪ ಸಾಕಾಯಿತು. ಅಲ್ಲಿನ ಚಿತ್ರ ವಿಭಾಗದ ಮುಖ್ಯಸ್ಥರು ದೇಸಾಯಿಯವರು. ಅನ್ಯಾಯ ಮಾಡದ ಮನುಷ್ಯ, ಆದರೆ ಗಡುವು ಹಾಕುವುದೆಂದರೆ ಅವರಿಗೆ ಬಹಳ ಪ್ರೀತಿ. ಉಪಕಚೇರಿಯಲ್ಲಿ ಚಿತ್ರ ತಿದ್ದುವ ಕಂಪ್ಯೂಟರುಗಳು ಹೋಗುತ್ತವೆ, ನಾಲ್ಕೂ ತಾಲ್ಲೂಕಿನವರು ಫೋನಿನಲ್ಲೇ ತಿದ್ದಿ ಕಳಿಸಬೇಕು, ಮೂರು ತಿಂಗಳಲ್ಲಿ ಯಾರಿಗೆ ಆಗುವುದಿಲ್ಲವೋ ಅವರನ್ನು ಬಿಡಬೇಕಾಗುತ್ತದೆ ಎಂದು ಆದೇಶ ಬಂತು.

ಪರೀಕ್ಷೆಯ ದಿನಗಳು ತಮಾಷೆಯಾಗಿದ್ದವು. ತಂತ್ರಾಂಶ ತೆರೆದರೆ ಸಾಧಾರಣ ಫೋನು ಕಾದ ಹೆಂಚಾಗುತ್ತಿತ್ತು. ಸಿಂದಗಿಯ ವರದಿಗಾರ ಕಬ್ಬಿನ ಹಾಲಿನ ಅಂಗಡಿಯಲ್ಲಿ ಫೋನನ್ನು ಐಸ್ ಗಡ್ಡೆಯ ಮೇಲಿಟ್ಟು ಕೆಲಸ ಮಾಡಿದ. ಅಂಗಡಿಯವನು, ಮೊದಲು ಮನುಷ್ಯರಿಗೆ ತಂಪು, ಆಮೇಲೆ ಯಂತ್ರಕ್ಕೆ ಎಂದು ಎತ್ತಿ ಕೊಟ್ಟನಂತೆ. ಅಷ್ಟರಲ್ಲಿ ನೀರು ಇಳಿದು ಫೋನು ಎರಡು ದಿನ ಮಾತು ಬಿಟ್ಟಿತ್ತು.

ತೊಂದರೆ ಬಂದದ್ದು ಅಮೋಘಸಿದ್ದನಿಗೆ. ಕಂಪ್ಯೂಟರ್ ಹೋದಮೇಲೆ ಬಾಗೇವಾಡಿ ತಾಲ್ಲೂಕಿನ ಚಿತ್ರಗಳನ್ನು ತೆಗೆದು ಕಳಿಸುವ ಕೆಲಸ ಅವನಿಗೆ ಬಂತು. ಐವತ್ತಾರು ವರ್ಷ. ಸ್ಟುಡಿಯೋ ಮುಚ್ಚಿ ಬಹಳ ಕಾಲವಾಗಿತ್ತು, ಬೇರೆ ವಿದ್ಯೆ ಕೈಯಲ್ಲಿರಲಿಲ್ಲ. ಕಲಿಯಲು ಮನಸ್ಸಿತ್ತು, ಆದರೆ ಫೋನಿನ ಪರದೆ ಅವನ ಬೆರಳನ್ನು ಗುರುತಿಸುತ್ತಿರಲಿಲ್ಲ. ಕತ್ತಲೆ ಕೋಣೆಯಲ್ಲಿ ಫೋಟೋ ತೊಳೆಯುವ ರಸಾಯನದಲ್ಲಿ ವರ್ಷಗಟ್ಟಲೆ ಅದ್ದಿದ ಬೆರಳ ತುದಿಗಳು ಚಕ್ಕೆಗಟ್ಟಿ ಒರಟಾಗಿದ್ದವು. ವಾರದ ಸಭೆಗೆ ಬಂದಾಗ ರೇಣುಕಾ ಅವನ ಪಕ್ಕ ಕೂತು ಹೇಳಿಕೊಡುತ್ತಿದ್ದಳು.

"ಕಾಕಾ, ಒತ್ತಬ್ಯಾಡ್ರಿ. ಸುಮ್ನ ಮುಟ್ರಿ."

"ಮುಟ್ಟಾಕತ್ತೇನಿ ತಂಗಿ. ನಾ ಮುಟ್ಟಿದ್ದು ಅದಕ್ಕ ತಿಳಿವಲ್ದು. ಮನ್ಯಾಗ ನಿಮ್ಮ ಕಾಕಿ ಇದ್ದಂಗ ಐತಿ."

ಅವಳು ಅವನ ಹತ್ತೂ ಬೆರಳುಗಳನ್ನು ಒಂದೊಂದಾಗಿ ಪರದೆಗೆ ಇಟ್ಟು ನೋಡಿದಳು. ಕೊನೆಗೆ ಎಡಗೈಯ ಕಿರುಬೆರಳಿಗೆ ಪರದೆ ಓಗೊಟ್ಟಿತು. ಆ ಒಂದು ಬೆರಳು ಎಂದೂ ರಸಾಯನ ಮುಟ್ಟಿರಲಿಲ್ಲ. ಅಂದಿನಿಂದ ಅಮೋಘಸಿದ್ದ ಸಾರಿನ ಉಪ್ಪು ನೋಡುವವನ ಹಾಗೆ ಕಿರುಬೆರಳು ಚಾಚಿ ಚಿತ್ರ ತಿದ್ದತೊಡಗಿದ. ಎರಡು ತಿಂಗಳಲ್ಲಿ ಉಳಿದ ಮೂವರಿಗಿಂತ ಚೊಕ್ಕಾಗಿ ಕಳಿಸುತ್ತಿದ್ದ. ಗಡುವು ಗೆದ್ದ ಎಂದೇ ನಾವು ತಿಳಿದೆವು.

ಇಲ್ಲಿ ನನ್ನ ತಪ್ಪನ್ನು ದಾಖಲಿಸಬೇಕು. ಹಳ್ಳಿಗಳಲ್ಲಿ ನೆಟ್‌ವರ್ಕ್ ನಿಧಾನ. ಪದರಗಳಿರುವ ಕಡತವಾಗಲಿ, ಮೂಲ ಚಿತ್ರವಾಗಲಿ ಕಳಿಸಲು ಹೋದರೆ ಸಂಜೆಯ ಪುಟ ತಡವಾಗುತ್ತಿತ್ತು. ಆದ್ದರಿಂದ, "ತಿದ್ದಿ ಮುಗಿಸಿದ ಚಿತ್ರ ಮಾತ್ರ ಕಳಿಸಿ, ಮೂಲ ಚಿತ್ರ ಬೇಡ" ಎಂದು ನಾನು ಬರೆದು ಸಹಿ ಮಾಡಿ ನಾಲ್ವರಿಗೂ ಕೊಟ್ಟಿದ್ದೆ. ಪದರ ಎತ್ತಿ ನೋಡುವ ಕಣ್ಣನ್ನು ನಾನೇ ಮುಚ್ಚಿದೆ. ಪೊಟ್ಟಣ ಬರುತ್ತಿತ್ತು, ನಾನು ವಿಚಾರಿಸದೆ ಒಳಗೆ ಬಿಟ್ಟುಕೊಳ್ಳುತ್ತಿದ್ದೆ.

ಮೂರನೆಯ ತಿಂಗಳ ಕೊನೆಯ ವಾರ. ಬಾಗೇವಾಡಿಯಿಂದ ಮುಳವಾಡದ ಕಡೆಗೆ ಹೋಗುವ ದಾರಿಯಲ್ಲಿ, ಸ್ವಲ್ಪ ಒಳಗೆ ಒಂದು ಊರಿದೆ. ಅಲ್ಲಿನ ಶಾಲೆಗೆ ಹೊಸ ಕೋಣೆಗಳಾಗಿದ್ದವು. ಜಾಗ ಕೊಟ್ಟ ಆರು ಜನ ಹಿರಿಯರಿಗೆ ಸತ್ಕಾರ. ನಮ್ಮ ಕಡೆ ಸತ್ಕಾರವೆಂದರೆ ಶಾಲು ಹೊದಿಸಿ ತಲೆಗೆ ಗುಲಾಬಿ ಬಣ್ಣದ ಪಟಗಾ ಸುತ್ತುವುದು. ಅಮೋಘಸಿದ್ದನ ಬಸ್ಸು ತಡವಾಗಿ, ಅವನು ಮುಟ್ಟುವ ಹೊತ್ತಿಗೆ ಸುತ್ತುವುದು ಮುಗಿದಿತ್ತು. ಸಾಲಾಗಿ ಕೂತ ಆರು ಜನರ ಚಿತ್ರ ತೆಗೆದು, ಸಿಕ್ಕ ಬಸ್ಸಿಗೆ ಹತ್ತಿದ. ಬಸ್ಸಿನಲ್ಲಿ ಕೂತು ನೋಡಿದರೆ ಐದು ಜನರ ತಲೆಯ ಮೇಲೆ ಪಟಗಾ ಇದೆ, ಆರನೆಯವರದು ಬರಿದಲೆ, ಪಟಗಾ ತೊಡೆಯ ಮೇಲೆ ಮಡಿಕೆಯಾಗಿ ಬಿದ್ದಿದೆ. ಸುತ್ತುವವರು ಅವಸರದಲ್ಲಿ ಬಿಟ್ಟಿರಬೇಕು, ಇಲ್ಲವೇ ಜಾರಿ ಬಿದ್ದಿರಬೇಕು ಎಂದುಕೊಂಡ. ನಾಳೆ ಪತ್ರಿಕೆಯಲ್ಲಿ ಇವರೊಬ್ಬರೇ ಬರಿದಲೆಯಲ್ಲಿ ಕಂಡರೆ ಹಿರಿಯರಿಗೆ ಅವಮಾನ. ಸ್ಟುಡಿಯೋದವನ ಮನಸ್ಸು ಅಲ್ಲಿಗೆ ನಿಲ್ಲಲಿಲ್ಲ. ಐದನೆಯವರ ತಲೆಯಿಂದ ಪಟಗಾದ ಪ್ರತಿ ತೆಗೆದು ಆರನೆಯವರ ತಲೆಗೆ ಇಟ್ಟ. ತೊಡೆಯ ಮೇಲಿದ್ದದ್ದನ್ನು ಧೋತರದ ಬಿಳಿಯಿಂದ ಮುಚ್ಚಿದ. ಬಸ್ಸು ಬಾಗೇವಾಡಿ ಮುಟ್ಟುವ ಮೊದಲೇ ಚಿತ್ರ ನನಗೆ ಬಂದಿತ್ತು. ಎರಡು ಪಟಗಾಗಳ ಮಡಿಕೆ ಕೂದಲೆಳೆಯಷ್ಟೂ ಬೇರೆಯಿಲ್ಲದೆ ಒಂದೇ ಇದ್ದವು. ಅದನ್ನು ಕಾಣಲಿಕ್ಕೇ ನನಗೆ ಸಂಬಳ. ನಾನು ಕಾಣಲಿಲ್ಲ.

ಆರನೆಯವರು ಮಲ್ಲಪ್ಪ ಮುತ್ಯಾ, ನಮ್ಮ ಕಡೆ ಅಜ್ಜನಿಗೆ ಮುತ್ಯಾ ಎನ್ನುತ್ತಾರೆ. ಆ ಊರ ಕೆರೆಗೆ ಕಾಲುವೆಯ ನೀರು ತರುವುದೆಂದು ಅಧಿಕಾರಿಗಳು ಗುರುತು ಹಾಕಿ ಹೋದ ದಿನ, ನೀರು ಕೆರೆಗೆ ಬೀಳುವವರೆಗೆ ತಲೆಗೆ ಪಟಗಾ ಸುತ್ತುವುದಿಲ್ಲ ಎಂದು ಅವರು ಕಟ್ಟೆಯ ಮೇಲೆ ಎಲ್ಲರೆದುರು ಹೇಳಿದ್ದರು. ಹನ್ನೊಂದು ವರ್ಷವಾಗಿತ್ತು. ಮೊಮ್ಮಗಳ ಮದುವೆಯ ಅಕ್ಷತೆಗೂ ಬರಿದಲೆಯಲ್ಲೇ ನಿಂತಿದ್ದರು. ಸತ್ಕಾರದ ದಿನವೂ ಪಟಗಾವನ್ನು ಕೈಯಲ್ಲಿ ಇಸಕೊಂಡು, ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಸುತ್ತಲಿನ ಏಳೆಂಟು ಊರಿಗೆ ಇದು ಗೊತ್ತು. ಹಿಪ್ಪರಗಿಯ ಅಮೋಘಸಿದ್ದನಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ಪತ್ರಿಕೆ ಊರು ಮುಟ್ಟಿದ ಬೆಳಿಗ್ಗೆ ಏನಾಯಿತು ಎಂಬುದನ್ನು ಆಮೇಲೆ ಅಲ್ಲಿಯವರೇ ಹೇಳಿದರು. ಚಹಾದ ಅಂಗಡಿಯಲ್ಲಿ, ಮುತ್ಯಾ ಕೆರೆಯನ್ನು ತುಂಬಿಸಿದರೋ ಅಥವಾ ಕೊಟ್ಟ ಮಾತನ್ನೇ ನುಂಗಿದರೋ ಎಂದು ಕೆಣಕಿದರಂತೆ. ಪಕ್ಕದೂರಿನ ಇಬ್ಬರು ಎಮ್ಮೆ ಹೊಡೆದುಕೊಂಡು ಕೆರೆಯವರೆಗೆ ಬಂದು ಒಣ ಅಂಗಳ ನೋಡಿ ಹೋದರಂತೆ. ತಾಳಿಕೋಟೆಗೆ ಕೊಟ್ಟ ಮಗಳು ಫೋನ್ ಮಾಡಿ, ನೀರು ಬಂದದ್ದನ್ನು ತನಗೇ ಹೇಳಲಿಲ್ಲವಲ್ಲ ಎಂದು ಮುನಿಸಿಕೊಂಡಳಂತೆ.

ಹತ್ತು ಗಂಟೆಗೆ ಮುತ್ಯಾ ಇಬ್ಬರನ್ನು ಕರೆದುಕೊಂಡು ಕಚೇರಿಗೆ ಬಂದರು. ಎತ್ತರದ ಆಳು, ಬರಿದಲೆ. ಕೂರಲಿಲ್ಲ. ಪತ್ರಿಕೆಯನ್ನು ನನ್ನ ಮೇಜಿನ ಮೇಲೆ ಹರವಿದರು.

"ನಾ ಬರೇ ತಲಿಲೆ ಕುಂತಿದ್ದೆ. ನಿಮ್ಮ ಪೇಪರದಾಗ ಪಟಗಾ ಸುತ್ಕೊಂಡು ಕುಂತೇನಿ. ಇಬ್ಬರಾಗ ಯಾಂವ ಸುಳ್ಳ, ಹೇಳ್ರಿ."

ನನಗೆ ಇನ್ನೂ ಅರ್ಥವಾಗಿರಲಿಲ್ಲ. ಮೂಲೆಯಲ್ಲಿ ಕೂತಿದ್ದ ಅಮೋಘಸಿದ್ದ ಎದ್ದು ಬಂದು ಚಿತ್ರ ನೋಡಿ, ಮುಖ ನೋಡಿ, ಕೈ ಮುಗಿದ.

"ನಾನಽ ಸುತ್ತೇನ್ರಿ ಮುತ್ಯಾ. ಹಿರ್‍ಯಾರು ಬರೇ ತಲಿಲೆ ಕಾಣಬಾರದಂತ."

ಮುತ್ಯಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನೀ ಯಾವಾಗ ಸುತ್ತಿದ್ಯೋ? ನನ್ನ ತಲಿಗೆ ಗೊತ್ತಽ ಇಲ್ಲ."

"ಬಸ್ಸಿನ್ಯಾಗ್ರಿ. ಫೋನಿನ್ಯಾಗ. ಈ ಬೆರಳಲೆ." ಅಮೋಘಸಿದ್ದ ಎಡಗೈಯ ಕಿರುಬೆರಳು ತೋರಿಸಿದ.

"ಹಂಗಾರ ಬೆರಳಲೇ ಬಿಚ್ಚು."

ಅವನು ಫೋನು ತೆಗೆದ. ಆ ತಂತ್ರಾಂಶ ಮಾಡಿದ ಪ್ರತಿ ಹೆಜ್ಜೆಯನ್ನೂ ನೆನಪಿಡುತ್ತದೆ, ಹಿಂದಕ್ಕೆ ಹೋಗುವ ಬಾಣದ ಗುರುತನ್ನು ಮುಟ್ಟಿದರೆ ಒಂದೊಂದಾಗಿ ಕಳಚುತ್ತದೆ. ಕಿರುಬೆರಳು ಒಮ್ಮೆ ಮುಟ್ಟಿತು, ತೊಡೆಯ ಮೇಲೆ ಪಟಗಾ ಮೂಡಿತು. ಇನ್ನೊಮ್ಮೆ ಮುಟ್ಟಿತು, ತಲೆಯ ಮೇಲಿನದು ಮಾಯವಾಯಿತು. ಮುತ್ಯಾ ಬಗ್ಗಿ ನೋಡುತ್ತಿದ್ದರು. ಜೊತೆಗೆ ಬಂದ ಇಬ್ಬರೂ ಬಗ್ಗಿದರು. "ಇನ್ನೊಮ್ಮಿ ಮಾಡು" ಎಂದರು ಮುತ್ಯಾ. ಅವನು ಇನ್ನೊಮ್ಮೆ ಸುತ್ತಿ ಇನ್ನೊಮ್ಮೆ ಬಿಚ್ಚಿದ. ಮುತ್ಯಾನ ಮುಖ ಸಡಿಲಾಯಿತು. ತಾವೇ ಕುರ್ಚಿ ಎಳೆದುಕೊಂಡು ಕೂತು ನೀರು ಕೇಳಿದರು.

ಆದರೆ ಬಿಡಲಿಲ್ಲ. ಇಲ್ಲಿ ಬಿಚ್ಚಿದ್ದನ್ನು ನಾಲ್ಕು ಜನ ನೋಡಿದರು, ಅಲ್ಲಿ ಸುತ್ತಿದ್ದನ್ನು ನಾಲ್ಕು ತಾಲ್ಲೂಕು ನೋಡಿದೆ ಎಂದರು. ನ್ಯಾಯವಾದ ಮಾತು. ನಮ್ಮಲ್ಲಿ ತಿದ್ದುಪಡಿ ಎಂದರೆ ಪುಟದ ತಳದಲ್ಲಿ ಎರಡು ಸಣ್ಣ ಸಾಲು ಹಾಕುವ ರೂಢಿ. ಅಷ್ಟೇ ದೊಡ್ಡದಾಗಿ, ಅದೇ ಜಾಗದಲ್ಲಿ ಮೂಲ ಚಿತ್ರ ಹಾಕುತ್ತೇನೆ ಎಂದು ಮಾತು ಕೊಟ್ಟೆ. ಆಮೇಲೆ ದೇಸಾಯಿಯವರಿಗೆ ಫೋನ್ ಮಾಡಿದೆ.

ಅವರು ಮೊದಲು ಕೇಳಿದ್ದು ಮಾಡಿದವರು ಯಾರೆಂದು. ಹೇಳಿದೆ. ಗಡುವಿನ ವಾರದಲ್ಲೇ ಆಯಿತಲ್ಲ, ನಿರ್ಧಾರ ಸುಲಭವಾಯಿತು, ಅವನನ್ನು ಬಿಟ್ಟುಬಿಡಿ ಎಂದರು. ಮೂಲ ಚಿತ್ರ ಕಳಿಸಬೇಡಿ ಎಂಬ ಕಾಗದಕ್ಕೆ ಸಹಿ ಹಾಕಿದವನು ನಾನು, ಪುಟಕ್ಕೆ ಬಿಟ್ಟವನೂ ನಾನು, ಬಿಡುವುದಾದರೆ ನನ್ನಿಂದ ಶುರುಮಾಡಿ ಎಂದೆ. ನನ್ನ ನಿವೃತ್ತಿಗೆ ಎರಡು ತಿಂಗಳಿತ್ತು, ಆದ್ದರಿಂದ ಇದರಲ್ಲಿ ಹೆಚ್ಚಿನ ಶೌರ್ಯವೇನಿಲ್ಲ. ಕೊನೆಗೆ ಅವರು ಒಂದು ತಿಂಗಳು ಕೊಟ್ಟರು. ಅಮೋಘಸಿದ್ದ ಪ್ರತಿ ಚಿತ್ರದ ಜೊತೆ ಮೂಲವನ್ನೂ ಕಳಿಸಬೇಕು, ಎರಡನ್ನೂ ಅವರೇ ನೋಡುತ್ತಾರೆ. ಇನ್ನೊಂದು ಎಳೆ ಸೇರಿದರೂ, ತೆಗೆದರೂ ಅವನು ಹೊರಗೆ.

ಮರುದಿನ ಅದೇ ಜಾಗದಲ್ಲಿ ಚಿತ್ರ ಬಂತು. ಅಡಿಬರಹ ನಾನೇ ಬರೆದೆ: "ನಿನ್ನೆಯ ಚಿತ್ರದಲ್ಲಿ ಮಲ್ಲಪ್ಪ ಅವರ ತಲೆಯ ಮೇಲೆ ಕಂಡ ಪಟಗಾ ನಾವು ಸೇರಿಸಿದ್ದು. ಅವರು ಪಟಗಾ ಸುತ್ತಿರಲಿಲ್ಲ. ತಪ್ಪಾಗಿದೆ." ಮುತ್ಯಾ ಆ ಪುಟ ಕತ್ತರಿಸಿ ಚಹಾದ ಅಂಗಡಿಯ ಗೋಡೆಗೆ ತಾವೇ ಅಂಟಿಸಿದರೆಂದು ಕೇಳಿದೆ.

ಆ ತಿಂಗಳು ಅಮೋಘಸಿದ್ದ ಹೆದರಿ ಕೆಲಸ ಮಾಡಿದ. ಒಮ್ಮೆ ಚಿತ್ರದ ಮೂಲೆಯ ದೂಳಿನ ಚುಕ್ಕೆ ತೆಗೆಯಲೇ ಎಂದು ಫೋನ್ ಮಾಡಿ ಕೇಳಿದ. ಒಮ್ಮೆ ಸಭೆಯಲ್ಲಿ ಆಕಳಿಸಿದವರ ಬಾಯಿ ಆಕಳಿಸಿದ ಹಾಗೇ ಬಂತು, ಅವರು ಫೋನ್ ಮಾಡಿ ನನ್ನನ್ನು ಬೈದರು. ರೇಣುಕಾ, "ಕಾಕಾ, ನಿಮ್ಮ ಪಟಗಾದ ಪೆಟ್ಟಿಗಿ ಅಳಿಸಿಬಿಡ್ರಿ, ಬೆರಳು ಸುಮ್ನಿರತೈತಿ" ಎಂದಳು. ಅಳಿಸಲಿಲ್ಲ. ಫೋನಿನಿಂದ ತೆಗೆದು ಮನೆಯ ಹಳೆಯ ಕಂಪ್ಯೂಟರಿನಲ್ಲಿಟ್ಟ. ಹಿರಿಯರ ಫೋಟೋ ಕೇಳಿಕೊಂಡು ಬರುವವರು ಇನ್ನೂ ಇದ್ದರು.

ತಿಂಗಳು ಮುಗಿಯಲು ಮೂರು ದಿನವಿದ್ದಾಗ ಮುತ್ಯಾನಿಂದ ಫೋನು ಬಂತು. ಕಾಲುವೆಗೆ ನೀರು ಬಿಟ್ಟಿದ್ದರು, ಬೆಳಿಗ್ಗೆ ಕೆರೆಗೆ ಬೀಳುತ್ತದೆ. "ಆ ಬೆರಳಿನಾಂವನ ಕಳಸ್ರಿ" ಎಂದರು. ನಾನೂ ಹೋದೆ.

ಕೆರೆಯ ಏರಿಯ ಮೇಲೆ ಊರೆಲ್ಲ ಸೇರಿತ್ತು. ಕೆಂಪು ನೀರು ಕಸಕಡ್ಡಿ ತಳ್ಳಿಕೊಂಡು ಬಂದು ಕೆರೆಯ ಅಂಗಳಕ್ಕೆ ಬಿತ್ತು. ಮಗ ಪಟಗಾ ಸುತ್ತಲು ಬಂದರೆ ಮುತ್ಯಾ ಬಿಡಲಿಲ್ಲ, ತಾವೇ ಸುತ್ತಿಕೊಳ್ಳುತ್ತೇನೆ ಎಂದರು. ಹನ್ನೊಂದು ವರ್ಷದಲ್ಲಿ ಕೈ ಮರೆತಿತ್ತು. ಎರಡು ಸಲ ಬಿಚ್ಚಿ ಮೂರನೆಯ ಸಲಕ್ಕೆ ನಿಂತಿತು. ನಿಂತದ್ದೂ ಎಡಕ್ಕೆ ವಾಲಿ, ಒಂದು ಚುಂಗು ಕಿವಿಯ ಮೇಲೆ ಜೋತಾಡುತ್ತಿತ್ತು. ಮುತ್ಯಾನ ಕಣ್ಣು ನೀರಿನ ಮೇಲಿತ್ತು.

ಅಮೋಘಸಿದ್ದ ಚಿತ್ರ ತೆಗೆದ. ಬಿಸಿಲು ಹಿಂದಿನಿಂದ ಬೀಳುತ್ತಿದ್ದರಿಂದ ಮುಖ ಕಪ್ಪಾಗಿತ್ತು, ಅದನ್ನು ಬೆಳಗಿಸಿದ. ನಾನು ಪಕ್ಕದಲ್ಲೇ ನಿಂತು ನೋಡುತ್ತಿದ್ದೆ, ಹಳೆಯ ಕುರ್ಚಿಯಲ್ಲಿ ಕೂತ ಹಾಗೆ. ಕಿರುಬೆರಳು ಮುಖದಿಂದ ಮೇಲಕ್ಕೆ ಹೋಗಿ, ವಾಲಿದ ಪಟಗಾದ ಮೇಲೆ, ಪರದೆಗೆ ಒಂದು ಜೋಳದಷ್ಟು ಎತ್ತರದಲ್ಲಿ ನಿಂತಿತು. ಮೂವತ್ತು ವರ್ಷ ಪಟಗಾ ನೆಟ್ಟಗೆ ಮಾಡಿದ ಕೈ. ಅವನು ನನ್ನ ಕಡೆ ನೋಡಲಿಲ್ಲ. ಬೆರಳು ಹಿಂದಕ್ಕೆ ಬಂತು. ಮೂಲ ಚಿತ್ರ ಮೊದಲು, ತಿದ್ದಿದ್ದು ಆಮೇಲೆ, ಎರಡನ್ನೂ ಕಳಿಸಿದ.

ಮರುದಿನ ದೇಸಾಯಿಯವರ ಫೋನು ಬಂತು.

"ಆ ಮುದುಕರ ಪಟಗಾ ಒಂದ ಕಡೆ ವಾರಿ ಆಗೇದಲ್ರಿ. ಯಾರೂ ನೋಡ್ಲಿಲ್ಲೇನು?"

"ಎಲ್ಲಾರೂ ನೋಡೇವ್ರಿ. ವಾರಿನಽ ಇತ್ತು."

ಅವರು ಮೂಲ ಚಿತ್ರ ತೆರೆದು ನೋಡಿರಬೇಕು. ಆಮೇಲೆ, ಅಮೋಘಸಿದ್ದ ಮುಂದುವರಿಯಲಿ, ಇನ್ನು ಮೂಲ ಚಿತ್ರ ಕಳಿಸುವುದು ಬೇಡ ಎಂದರು. ಕಳಿಸಲಿ, ನಾಲ್ವರೂ ಕಳಿಸಲಿ ಎಂದೆ. ನಾನು ಸಹಿ ಮಾಡಿದ ಕೊನೆಯ ಕಾಗದ ಅದು. ಅಮೋಘಸಿದ್ದ ಈಗಲೂ ಬಾಗೇವಾಡಿಯಲ್ಲಿದ್ದಾನೆ. ಹೊಸಬರು ಪದರ ಎತ್ತಿ ನೋಡುವುದನ್ನು ಅವನಿಂದಲೇ ಕಲಿಯುತ್ತಾರೆ.

ಕೆರೆಯ ಏರಿಯ ಮೇಲೆ ನಡೆದದ್ದೊಂದು ಹೇಳುವುದು ಉಳಿದಿದೆ. ಚಿತ್ರ ಹೋದದ್ದು ಖಾತ್ರಿಯಾದ ಮೇಲೆ ಅಮೋಘಸಿದ್ದ ಫೋನನ್ನು ಕಿಸೆಗೆ ಹಾಕಿ ಗುಂಡಿ ಹಚ್ಚಿದ. ಜನರನ್ನು ಸರಿಸಿಕೊಂಡು ಮುತ್ಯಾನ ಹತ್ತಿರ ಹೋಗಿ, ಹತ್ತೂ ಬೆರಳುಗಳಿಂದ ಪಟಗಾ ಹಿಡಿದು ನೆಟ್ಟಗೆ ಮಾಡಿ, ಚುಂಗನ್ನು ಒಳಗೆ ಸಿಗಿಸಿದ.

"ಈಗ ಫೋಟೋ ತಗಿಯಂಗಿಲ್ಲೇನು?" ಎಂದರು ಮುತ್ಯಾ.

"ಇಲ್ರಿ ಮುತ್ಯಾ. ಪೇಪರಿಗೆ ಹೋಗೈತಿ. ಇದು ನಿಮಗ."